ಬಾವುಟಗುಡ್ಡೆಯ ನೆಳಲು-ಬೆಳಕು

ಬೇಸಗೆ ರಜೆ ಬಂತೆಂದರೆ ಪುಣೆಯಲ್ಲಿ ನೆಲೆಸಿದ ನಮ್ಮ ಕರಾವಳಿ ಕುಟುಂಬಗಳು ಊರಿನ ದಾರಿ ಹಿಡಿಯುತ್ತವೆ. ಮದುವೆ, ಮುಂಜಿ, ಗೃಹಪ್ರವೇಶಗಳ ನಡುವೆ ಕಟೀಲು, ಧರ್ಮಸ್ಥಳ, ಉಡುಪಿಗಳ ದರ್ಶನವೂ ಆಗುತ್ತದೆ. ಆದರೆ ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದೊಳಗೆ ಕಾಲಿಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಅದೇ ಊರಿನಲ್ಲಿ ಓದಿ ಬೆಳೆದವರೂ "ಅದು ಅವರದು" ಎಂದುಕೊಂಡು ಹೊರಗಿನಿಂದಲೇ ಹಾದುಹೋದದ್ದುಂಟು. ಅಲ್ಲಿನ ಗೋಡೆ ಚಾವಣಿಗಳ ಮೇಲಿನ ಚಿತ್ರಗಳ ಬೇರನ್ನು ಅರಸುವುದಾದರೆ ನಾವು ನಾನೂರು ವರ್ಷಗಳ ಹಿಂದಿನ ಇಟಲಿಗೆ ಹೋಗಬೇಕಾಗುತ್ತದೆ.

1600ರ ಸುಮಾರಿಗೆ ರೋಮಿನಲ್ಲಿ ಚಿತ್ರಕಲೆ ಹೊಸ ಹಾದಿ ತುಳಿಯಿತು. ಇದನ್ನೇ ಮುಂದೆ ಬರೋಕ್ ಶೈಲಿ ಎಂದು ಕರೆದರು. ಅದರ ಮುಂದಾಳುಗಳಲ್ಲಿ ಕಾರವಾಜ್ಜೊ ಪ್ರಮುಖ. ಸಂತ ಮತ್ತಾಯನಿಗೆ ಯೇಸುವಿನ ಕರೆ ಬಂದ ಬೈಬಲ್ ಪ್ರಸಂಗವನ್ನು ಅವನು ಒಂದು ಕತ್ತಲೆಯ ಕೋಣೆಯಲ್ಲಿ ಚಿತ್ರಿಸಿದ. ಸುಂಕ ವಸೂಲಿಯ ಮೇಜಿನ ಸುತ್ತ ಕುಳಿತವರು ನಾಣ್ಯ ಎಣಿಸುತ್ತಿದ್ದಾರೆ. ಬಲಗಡೆ ನಿಂತ ಯೇಸು ಕೈ ಚಾಚಿದ್ದಾನೆ; ಅವನ ತಲೆಯ ಮೇಲಿಂದ ಹಾದ ಬೆಳಕು ಎದುರಿನ ಮುಖಗಳ ಮೇಲೆ ಬಿದ್ದಿದೆ. ಅಲ್ಲಿರುವವರು ದೇವಲೋಕದವರಲ್ಲ, ಅಂದಿನ ಪೇಟೆಯ ಜನ. ಮತ್ತೊಂದು ಚಿತ್ರದಲ್ಲಿ ಮೇರಿಮಾತೆಯ ಮುಂದೆ ಮೊಣಕಾಲೂರಿದ ಯಾತ್ರಿಕನ ಅಂಗಾಲಿನ ಕೊಳೆಯನ್ನೂ ಅವನು ಬಿಡದೆ ಬರೆದ.

ದೊಂದಿಯ ಬೆಳಕಿನಲ್ಲಿ ಯಕ್ಷಗಾನ ನೋಡಿದ ಹಿರಿಯರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುತ್ತ ಕತ್ತಲಿದ್ದರೆ ತಾನೆ ವೇಷಧಾರಿಯ ಕಣ್ಣು ಮಿಂಚುವುದು! ಬರೋಕ್ ಕಲೆಯಲ್ಲಿ ನೆಳಲಿನ ಕೆಲಸವೂ ಅದೇ: ಬೇಡವಾದದ್ದನ್ನು ಮರೆಮಾಡಿ ಮನುಷ್ಯನನ್ನು ನಮ್ಮೆದುರಿಗೆ ತಂದು ನಿಲ್ಲಿಸುವುದು.

ಕಾರವಾಜ್ಜೊ ಎಂಬುದು ಆ ಚಿತ್ರಕಾರನ ಮನೆತನದ ಊರು. ಅದು ಉತ್ತರ ಇಟಲಿಯ ಬೆರ್ಗಾಮೊ ಸೀಮೆಯಲ್ಲಿದೆ. ಅದೇ ಸೀಮೆಯ ಸ್ತೆಜ್ಜಾನೊ ಎಂಬ ಹಳ್ಳಿಯಲ್ಲಿ 1854ರಲ್ಲಿ ಅಂತೋನಿಯೊ ಮೊಸ್ಕೇನಿ ಹುಟ್ಟಿದರು. ಬೆರ್ಗಾಮೊದ ಕಲಾಶಾಲೆಯಲ್ಲಿ ಕಲಿತು ಹೆಸರು ಗಳಿಸಿದ ಅವರು 1889ರಲ್ಲಿ ಯೇಸುಸಭೆ ಸೇರಿ ಪಾದ್ರಿಯಾಗದೆ ಸಹೋದರರಾಗಿಯೇ ಉಳಿದರು. 1898ರಲ್ಲಿ ಮಂಗಳೂರಿಗೆ ಬಂದು, ಸುಮಾರು ಎರಡೂವರೆ ವರ್ಷ ದುಡಿದು, ಆ ಮಂದಿರವನ್ನು ಚಿತ್ರಗಳಿಂದ ತುಂಬಿದರು. ಚಿತ್ರಗಳ ಒಟ್ಟು ಹರವು ಸುಮಾರು 829 ಚದರ ಮೀಟರ್. ಅದರಲ್ಲಿ ಸುಮಾರು 600 ಚದರ ಮೀಟರ್ ಹಸಿಗಾರೆಯ ಭಿತ್ತಿಚಿತ್ರ, ಉಳಿದದ್ದು ಬಟ್ಟೆಯ ಮೇಲಿನ ತೈಲಚಿತ್ರ.

ಹಸಿಗಾರೆಯ ಕೆಲಸ ಸುಲಭವಲ್ಲ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಒಂದು ದಿನಕ್ಕೆ ಎಷ್ಟು ಬರೆಯಲಾದೀತೋ ಅಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು. ಸುಣ್ಣ ಗಾಳಿಯೊಡನೆ ಬೆರೆತು ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದಿಡುತ್ತದೆ. ಆಮೇಲೆ ತಪ್ಪಾಯಿತೆಂದರೆ ಗಾರೆ ಕೆತ್ತಿ ತೆಗೆಯುವುದೊಂದೇ ದಾರಿ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ತೈಲವರ್ಣದ ಗಾಢ ಕತ್ತಲೆ ಇಲ್ಲಿ ಕಷ್ಟಸಾಧ್ಯ. ಆದಕಾರಣ ಮೊಸ್ಕೇನಿಯವರಲ್ಲಿ ಕಾರವಾಜ್ಜೊನ ಕತ್ತಲೆಯನ್ನು ಹುಡುಕಬಾರದು. ಅವರು ಬರೋಕ್ ಪರಂಪರೆಯ ಇನ್ನೊಂದು ಕವಲಿನವರು. ಅವರಂತೆಯೇ ಯೇಸುಸಭೆಯ ಸಹೋದರನಾಗಿದ್ದ ಆಂದ್ರೇಯಾ ಪೊಜ್ಜೊ ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಯ ಚಾವಣಿಯಲ್ಲಿ ಬಣ್ಣದಿಂದಲೇ ಕಂಬ ಕಮಾನುಗಳನ್ನೆಬ್ಬಿಸಿ ಆಕಾಶವನ್ನು ತೆರೆದು ತೋರಿಸಿದ್ದ. ಮಂಗಳೂರಿನಲ್ಲಿಯೂ ಉಬ್ಬುಗೆಲಸವೆಂದು ಕಣ್ಣಿಗೆ ತೋರುವ ಅಲಂಕಾರಗಳನ್ನು ಹತ್ತಿರ ಹೋಗಿ ನೋಡಿದರೆ ಬರಿಯ ನೆಳಲು-ಬೆಳಕು!

ಚಾವಣಿಯ ನಡುಸಾಲಿನಲ್ಲಿ ಅಲೋಶಿಯಸನ ಜೀವನದ ಪ್ರಸಂಗಗಳಿವೆ. ದೊಡ್ಡ ಮನೆತನದ ಹಿರಿಯ ಮಗ. ತಮ್ಮನಿಗೆ ಹಕ್ಕು ಬಿಟ್ಟುಕೊಟ್ಟು ಸನ್ಯಾಸ ಹಿಡಿದವನು. ರೋಮಿನಲ್ಲಿ ಪ್ಲೇಗು ಹಬ್ಬಿದಾಗ ರೋಗಿಗಳ ಸೇವೆಗೆ ನಿಂತು, ತಾನೂ ಕಾಯಿಲೆ ಬಿದ್ದು, 1591ರಲ್ಲಿ 23ನೆಯ ವಯಸ್ಸಿಗೆ ತೀರಿಕೊಂಡನು. ಆ ಸೇವೆಯ ಚಿತ್ರವೂ ಇಲ್ಲಿದೆ. ಇದನ್ನು ಬರೆದ ಕಾಲವನ್ನು ನೆನೆಯೋಣ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1897ರಲ್ಲಿ ನಮ್ಮ ಪುಣೆಯನ್ನು ತತ್ತರಗೊಳಿಸಿತ್ತು. ಇಲ್ಲಿ ರೋಗಿಗಳ ಸೇವೆಗೆ ನಿಂತ ಸಾವಿತ್ರಿಬಾಯಿ ಫುಲೆಯವರು ಅದೇ ವರ್ಷ ಅದೇ ರೋಗಕ್ಕೆ ಬಲಿಯಾದರು. ಹೆಸರು ಬೇರೆ, ಮತ ಬೇರೆ, ಊರು ಬೇರೆ. ರೋಗಿಯ ಕಡೆಗೆ ಬಾಗಿದ ಮನುಷ್ಯನ ಆಕೃತಿ ಮಾತ್ರ ಒಂದೇ.

ಕರಾವಳಿಯ ಮಳೆ, ತೇವಗಳು ಈ ಚಿತ್ರಗಳನ್ನು ಬಾಧಿಸದೆ ಬಿಡಲಿಲ್ಲ. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವುಗಳನ್ನು ಜೀರ್ಣೋದ್ಧಾರ ಮಾಡಿದರು. ಅಂದು ಆ ಕೆಲಸ ನಡೆದುದರಿಂದ ಇಂದು ನಮ್ಮ ಮಕ್ಕಳಿಗೂ ನೋಡುವ ಭಾಗ್ಯ ಉಳಿದಿದೆ.

ಮೊಸ್ಕೇನಿಯವರು ಮುಂಬಯಿಯ ಕೊಲಾಬಾದಲ್ಲಿರುವ ಹೋಲಿ ನೇಮ್ ಕ್ಯಾಥೆಡ್ರಲಿನಲ್ಲಿಯೂ ಚಿತ್ರಿಸಿದ್ದಾರೆ. ಅದು ಪುಣೆಯಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ದಾರಿ. ಕೊಚ್ಚಿಯ ಸಾಂತಾಕ್ರೂಜ್ ಇಗರ್ಜಿ ಅವರ ಕೊನೆಯ ಕೆಲಸ. 1905ರ ನವೆಂಬರ್ 15ರಂದು, ಅದರ ಪ್ರತಿಷ್ಠೆಗೆ ನಾಲ್ಕು ದಿನ ಮುಂಚೆ, ಅವರು ಅಲ್ಲಿಯೇ ಕಣ್ಮುಚ್ಚಿದರು. ಹುಟ್ಟಿದ ಊರು ಬಿಟ್ಟು ಬಂದ ನಾಡಿನ ಸುಣ್ಣದಲ್ಲಿ ತಮ್ಮ ಬಣ್ಣ ಬೆರೆಸಿದವರು ಅವರು. ಊರು ಬಿಟ್ಟು ಬಂದು ಇಲ್ಲಿ ಬದುಕು ಕಟ್ಟಿಕೊಂಡ ನಾವು ಅಂಥವರ ಕೆಲಸವನ್ನು "ಅವರದು" ಎನ್ನುವುದು ತರವೇ? ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾವುಟಗುಡ್ಡೆ ಹತ್ತೋಣ. ಒಂದು ಗಳಿಗೆ ತಲೆಯೆತ್ತಿ ನೋಡೋಣ.