ಕೋವಿಯ ಕಿಟ್ಟ

ಯುದ್ಧದ ಚರಿತ್ರೆಯನ್ನು ಬರೆದವರು ಗುಂಡು ಹಾರಿದ ಗಳಿಗೆಯನ್ನು ಬಹು ವಿಸ್ತಾರವಾಗಿ ವರ್ಣಿಸಿದ್ದಾರೆ. ಅದೇ ಸಂಜೆ ಬೀಡಿಗೆ ಹಿಂದಿರುಗಿದ ಸಿಪಾಯಿಯು ಒಂದು ತಂಬಿಗೆ ನೀರನ್ನೂ ಒಂದು ಹಿಡಿ ನಾರನ್ನೂ ಮುಂದಿಟ್ಟುಕೊಂಡು ತನ್ನ ಕೋವಿಯನ್ನು ತೊಳೆಯುತ್ತ ಕುಳಿತುದನ್ನು ಬರೆದವರು ವಿರಳ. ಈ ಹೊತ್ತಿನ ಮಾತು ಆ ತೊಳೆಯುವ ಕೆಲಸವನ್ನು ಕುರಿತದ್ದು. ವಿಷಯ ಅಲ್ಪವೆಂದು ತಮಗೆ ತೋರಬಹುದು. ಆದರೆ 1857ನೆಯ ಇಸವಿಯ ದಂಗೆಗೆ ಕಿಡಿ ತಾಗಿಸಿದ ಕೊಬ್ಬಿನ ತೋಟಾ ಕೂಡ, ಮೂಲತಃ, ನಳಿಗೆಯೊಳಗಿನ ಕಿಟ್ಟವನ್ನು ಹದದಲ್ಲಿಡುವುದಕ್ಕಾಗಿ ಹೂಡಿದ ಒಂದು ಉಪಾಯವೇ ಆಗಿತ್ತೆಂಬುದನ್ನು ನೆನೆದರೆ ಆ ಭಾವನೆ ನಿಲ್ಲಲಾರದು.

ಮೊದಲು ಕರಿಮದ್ದಿನ ಗುಣವನ್ನು ತಿಳಿಯಬೇಕು. ಪೆಟ್ಲುಪ್ಪು 75 ಪಾಲು, ಇದ್ದಲು 15 ಪಾಲು, ಗಂಧಕ 10 ಪಾಲು—ಇದು ಇಂಗ್ಲೀಷರು ಬಳಸುತ್ತಿದ್ದ ಮದ್ದಿನ ಪಾಕ. ಇದಕ್ಕೆ ಬೆಂಕಿ ತಗುಲಿದಾಗ ಎಲ್ಲವೂ ಹೊಗೆಯಾಗಿ ಹಾರಿಹೋಗುವುದೆಂದು ನಾವು ತಿಳಿಯುತ್ತೇವೆ. ನೋಬಲ್ ಮತ್ತು ಏಬಲ್ ಎಂಬ ಇಬ್ಬರು ಪಂಡಿತರು ಈ ಮದ್ದನ್ನು ಗಟ್ಟಿಯಾದ ಪಾತ್ರೆಗಳಲ್ಲಿ ಮುಚ್ಚಿ ಸುಟ್ಟು ತೂಗಿ ನೋಡಿ, 1875ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅವರ ಲೆಕ್ಕದಂತೆ ನೂರು ಪಾಲು ಮದ್ದಿನಲ್ಲಿ ಅನಿಲವಾಗುವುದು ಸುಮಾರು 43 ಪಾಲು ಮಾತ್ರ. ಮಿಕ್ಕ 57 ಪಾಲು ಘನವಸ್ತು. ಎನ್‌ಫೀಲ್ಡ್ ಕೋವಿಗೆ ಒಂದು ಸಲಕ್ಕೆ ಹಾಕುತ್ತಿದ್ದ ಮದ್ದು ಸುಮಾರು ನಾಲ್ಕೂವರೆ ಗ್ರಾಂ. ಎಂದರೆ ಪ್ರತಿಯೊಂದು ಹೊಡೆತದಲ್ಲಿಯೂ ಎರಡೂವರೆ ಗ್ರಾಂ ಕಿಟ್ಟ ಹುಟ್ಟುತ್ತದೆ. ಅದರಲ್ಲಿ ಒಂದಷ್ಟು ದಟ್ಟವಾದ ಬಿಳಿಯ ಹೊಗೆಯಾಗಿ ಬಾಯಿಂದ ಹೊರಬೀಳುತ್ತದೆ. ಉಳಿದುದು ನಳಿಗೆಯ ಒಳಮೈಗೆ ಮೆತ್ತಿಕೊಳ್ಳುತ್ತದೆ.

ಈ ಕಿಟ್ಟ ಬರಿಯ ಮಸಿಯಾಗಿದ್ದರೆ ಚಿಂತೆ ಇರಲಿಲ್ಲ. ಅದರಲ್ಲಿ ಮುಖ್ಯವಾಗಿರುವುದು ಪೊಟಾಸಿಯಂ ಕಾರ್ಬನೇಟ್, ಪೊಟಾಸಿಯಂ ಸಲ್ಫೇಟ್, ಪೊಟಾಸಿಯಂ ಸಲ್ಫೈಡ್ ಎಂಬ ಲವಣಗಳು. ಮೊದಲನೆಯದು ಹೊಸ ಪದಾರ್ಥವೇನೂ ಅಲ್ಲ. ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ ತಿಳಿ ತೆಗೆದರೆ ಬರುವ ಸೌಳಿನಲ್ಲಿರುವುದೂ ಇದೇ. ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವುದು ಇದರ ಸ್ವಭಾವ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ತೊಳೆಯದೆ ಇಟ್ಟ ನಳಿಗೆಯೊಳಗೆ ನಡೆಯುವುದೂ ಅದೇ ವ್ಯಾಪಾರ, ಒಂದು ವ್ಯತ್ಯಾಸದೊಡನೆ: ಇಲ್ಲಿ ಆ ತೇವ ಕಬ್ಬಿಣದ ಮೈಯನ್ನು ಅಪ್ಪಿಕೊಂಡಿರುತ್ತದೆ. ಆರ್ದ್ರವಾದ ಹವೆಯಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ತಲೆದೋರುತ್ತದೆ. ಮೇಲಾಗಿ, ಕೇಪು ಬಳಕೆಗೆ ಬಂದ ಮೇಲೆ ಮತ್ತೊಂದು ಶತ್ರು ಸೇರಿಕೊಂಡಿತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ 1807ರಲ್ಲಿ ಪೆಟ್ಟಿನಿಂದ ಹೊತ್ತುವ ಮದ್ದಿಗೆ ಹಕ್ಕುಪತ್ರ ಪಡೆದನು. ಚಕಮಕಿಯ ಕಲ್ಲು ಕ್ರಮೇಣ ಮಾಯವಾಯಿತು. ಆದರೆ ಕ್ಲೋರೇಟು ಬೆರೆತ ಕೇಪು ಸಿಡಿದಾಗ ಉಳಿಯುವುದು ಪೊಟಾಸಿಯಂ ಕ್ಲೋರೈಡ್. ಅದು ನಮ್ಮ ಅಡಿಗೆಯ ಉಪ್ಪಿನ ದಾಯಾದಿ. ಕಬ್ಬಿಣಕ್ಕೆ ಅದೂ ಅಷ್ಟೇ ಹಗೆ.

ಈ ಕಿಟ್ಟ ತುಕ್ಕು ಹಿಡಿಸುವುದಲ್ಲದೆ ಕೋವಿಯ ಚರಿತ್ರೆಯ ಗತಿಯನ್ನೇ ಮುನ್ನೂರು ವರ್ಷ ತಡೆಹಿಡಿಯಿತೆಂದರೆ ಅತಿಶಯೋಕ್ತಿಯಾಗದು. ನಳಿಗೆಯ ಒಳಗೆ ತಿರುಪಿನ ಗೀರುಗಳನ್ನು ಕೊರೆದರೆ ಗುಂಡು ಸುತ್ತುತ್ತ ನೇರವಾಗಿ ಹೋಗುವುದೆಂಬ ವಿದ್ಯೆ ಮಧ್ಯ ಯೂರೋಪಿನ ಕಮ್ಮಾರರಿಗೆ 16ನೆಯ ಶತಮಾನದ ಹೊತ್ತಿಗೇ ತಿಳಿದಿತ್ತು. ಮೊದಮೊದಲು ಕೊರೆದ ಗೀರುಗಳು ತಿರುಪಿಲ್ಲದವಾಗಿದ್ದು ಕಿಟ್ಟ ಕೂರುವುದಕ್ಕೆ ಎಡೆ ಮಾಡಿಕೊಡುವುದೇ ಅವುಗಳ ಉದ್ದೇಶವಾಗಿತ್ತೆಂದು ಕೆಲವರು ಊಹಿಸುತ್ತಾರೆ. ಅದೇನೇ ಇರಲಿ, ರೈಫಲ್ಲೆಂಬ ಈ ಗೀರುಕೋವಿ ಬೇಟೆಗಾರನ ಕೈಯಲ್ಲಿ ಉಳಿಯಿತೇ ಹೊರತು ಸೈನ್ಯಕ್ಕೆ ಸುಲಭವಾಗಿ ಪ್ರವೇಶಿಸಲಿಲ್ಲ. ಕಾರಣ ಸ್ಪಷ್ಟ. ಗೀರುಗಳನ್ನು ಕಚ್ಚಬೇಕಾದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದ ಗುಂಡು ಕಿಟ್ಟ ಕಟ್ಟಿದ ನಳಿಗೆಯಲ್ಲಿ ಕೆಳಗಿಳಿಯದು. ಸಾಮಾನ್ಯ ಸಿಪಾಯಿಯ ನುಣುಪು ನಳಿಗೆಯ ಕೋವಿಯಲ್ಲಿ ಈ ತೊಡಕಿರಲಿಲ್ಲ. ಬ್ರೌನ್ ಬೆಸ್ ಎಂದು ಹೆಸರಾದ ಇಂಗ್ಲೀಷ್ ಕೋವಿಯ ಬಾಯಿ ಮುಕ್ಕಾಲು ಅಂಗುಲ. ಗುಂಡು ಅದಕ್ಕಿಂತ ಎಷ್ಟೋ ಸಣ್ಣದು. ಕಿಟ್ಟ ಕಟ್ಟಿದರೂ ಗುಂಡು ಉರುಳಿಕೊಂಡು ಇಳಿಯುತ್ತಿತ್ತು. ಹಾರಿದ ಮೇಲೆ ಅದು ಎತ್ತ ಹೋಗುವುದೆಂಬುದು ಬೇರೆಯ ಪ್ರಶ್ನೆ.

1800ರಲ್ಲಿ ಇಂಗ್ಲೀಷರು ಎಜೆಕೀಲ್ ಬೇಕರನ ಏಳು ಗೀರುಗಳ ರೈಫಲ್ಲನ್ನು ಆರಿಸಿಕೊಂಡಾಗ ಈ ಕಷ್ಟ ಅವರಿಗೆ ಪ್ರತ್ಯಕ್ಷವಾಯಿತು. ಜಿಡ್ಡು ಸವರಿದ ತೊಗಲಿನ ಅಥವಾ ಬಟ್ಟೆಯ ತುಂಡಿನಲ್ಲಿ ಗುಂಡನ್ನು ಸುತ್ತಿ ಗಜದಿಂದ ಒತ್ತಬೇಕಾಗಿತ್ತು. ಪ್ರಾರಂಭದಲ್ಲಿ ಗುಂಡನ್ನು ಬಡಿದಿಳಿಸಲು ಸಣ್ಣ ಮರದ ಕೊಡತಿಗಳನ್ನೂ ಸೈನಿಕರಿಗೆ ಹಂಚಿದರಂತೆ! ಯುದ್ಧಭೂಮಿಯಲ್ಲಿ ಕೊಡತಿ ಹಿಡಿದು ಕುಳಿತ ಯೋಧನ ಚಿತ್ರ ನಗೆ ತರಿಸುವಂಥದಾದರೂ ಆ ಯೋಧನಿಗೆ ಅದು ನಗೆಯ ವಿಷಯವಾಗಿರಲಾರದು. ಆ ಕೊಡತಿಗಳನ್ನು ಬಹುಬೇಗ ಕೈಬಿಟ್ಟರು.

ಫ್ರೆಂಚ್ ಅಧಿಕಾರಿ ಮಿನಿಯೆ 1849ರ ಸುಮಾರಿಗೆ ಕಂಡುಹಿಡಿದ ಉಪಾಯ ಈ ಗಂಟನ್ನು ಬಿಡಿಸಿತು. ಗುಂಡನ್ನು ಉದ್ದವಾಗಿ, ನಳಿಗೆಗಿಂತ ತುಸು ಸಣ್ಣದಾಗಿ, ಬುಡದಲ್ಲಿ ಟೊಳ್ಳಾಗಿ ಎರಕ ಹೊಯ್ಯುವುದು. ಅದು ಸಡಿಲವಾಗಿ ಇಳಿಯುತ್ತದೆ, ಮದ್ದು ಹೊತ್ತಿದಾಗ ಬುಡ ಅರಳಿ ಗೀರುಗಳನ್ನು ಹಿಡಿಯುತ್ತದೆ. ಅದರ ವಂಶದ್ದೇ 1853ರ ಎನ್‌ಫೀಲ್ಡ್. ನಳಿಗೆಯ ಬಾಯಿ 0.577 ಅಂಗುಲ, ಗೀರುಗಳು ಮೂರು. ಆದರೆ ಸಡಿಲವಾದ ಗುಂಡಿಗೂ ಒಣಗಿ ಕಲ್ಲಾದ ಕಿಟ್ಟ ಅಡ್ಡಿಯೇ. ಕಿಟ್ಟ ಮೆದುವಾಗಿರಬೇಕಾದರೆ ಪ್ರತಿ ಗುಂಡಿನ ಜೊತೆಗೂ ಒಂದಿಷ್ಟು ಜಿಡ್ಡು ಒಳಕ್ಕೆ ಹೋಗಬೇಕು. ಆದಕಾರಣ ತೋಟಾದ ಕಾಗದದಲ್ಲಿ ಗುಂಡಿರುವ ತುದಿಯನ್ನು ಕೊಬ್ಬು ಮೇಣಗಳ ಮಿಶ್ರಣದಲ್ಲಿ ಅದ್ದುತ್ತಿದ್ದರು. ಮದ್ದಿರುವ ತುದಿಯನ್ನು ಸಿಪಾಯಿ ಹಲ್ಲಿನಿಂದ ಕಚ್ಚಿ ಹರಿಯಬೇಕು.

ಮುಂದಿನದನ್ನು ತಾವು ಬಲ್ಲಿರಿ. 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ಮಿನಿಂದ ಸುದ್ದಿ ಹಬ್ಬಿತು: ತೋಟಾಗಳಲ್ಲಿ ಹಸುವಿನ ಕೊಬ್ಬೂ ಹಂದಿಯ ಕೊಬ್ಬೂ ಇವೆ. ಸಿಪಾಯಿಗಳದು ಮೂಢ ಭೀತಿಯೆಂದು ಬರೆದ ಇಂಗ್ಲೀಷ್ ಗ್ರಂಥಕರ್ತರುಂಟು. ನನಗೆ ಹಾಗೆ ತೋರುವುದಿಲ್ಲ. ಗುತ್ತಿಗೆದಾರನು ಒದಗಿಸುವ ಕೊಬ್ಬು ಯಾವ ಪ್ರಾಣಿಯದೆಂಬುದನ್ನು ಕಾಯ್ದು ನೋಡುವ ಏರ್ಪಾಟನ್ನು ಅಧಿಕಾರಿಗಳು ಮಾಡಿಯೇ ಇರಲಿಲ್ಲ. ಅದೇ ತಿಂಗಳ ಕೊನೆಗೆ, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದು ಸರ್ಕಾರ ಅಪ್ಪಣೆಯಿತ್ತಿತು; ಅನಂತರ ಹಲ್ಲಿಗೆ ಬದಲು ಕೈಯಿಂದ ಹರಿಯಬಹುದೆಂದೂ ಹೇಳಿತು. ಆ ವೇಳೆಗೆ ತೋಟಾದ ಕಾಗದದ ಹೊಳಪೇ ಸಂಶಯಕ್ಕೆ ಆಸ್ಪದವಾಗಿತ್ತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 85 ಮಂದಿ ಸವಾರರು ಮುಟ್ಟೆವೆಂದ ತೋಟಾಗಳು ಬಹುಕಾಲದಿಂದ ಬಳಕೆಯಲ್ಲಿದ್ದ ಹಳೆಯ ಬಗೆಯವು. ನಂಬಿಕೆ ಹೋಗಿತ್ತು. ಮೇ 9ರಂದು ಅವರಿಗೆ ಬೇಡಿ ತೊಡಿಸಿದರು. ಮಾರನೆಯ ದಿನ ದಂಗೆ ಎದ್ದಿತು. ಇದಕ್ಕೆ ರಾಜಕೀಯವಾದ ಆಳದ ಕಾರಣಗಳಿದ್ದುವು, ನಿಜ. ವಿಪರ್ಯಾಸವೆಂದರೆ, ನಮ್ಮ ದೇಶದ ಬಿಸಿಲಿನಲ್ಲಿ ಆ ಜಿಡ್ಡು ತನ್ನ ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ಗುಂಡು ಇಳಿಯದೆಂಬ ದೂರುಗಳು ಬಂದು, ಗುಂಡಿನ ಅಡ್ಡಳತೆಯನ್ನು 0.568 ಅಂಗುಲದಿಂದ 0.55ಕ್ಕೆ ಇಳಿಸಬೇಕಾಯಿತು.

ಇನ್ನು ತೊಳೆಯುವ ಕ್ರಮ. ಮೊದಲು ಕೋವಿ ಬರಿದಾಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಗಜವನ್ನು ನಳಿಗೆಯೊಳಕ್ಕೆ ಬಿಟ್ಟರೆ ಬರಿಯ ನಳಿಗೆ ಠಣ್ಣೆಂದು ಶಬ್ದ ಮಾಡುತ್ತದೆ. ತುಂಬಿದ ನಳಿಗೆಯಲ್ಲಿ ಗಜ ಮಂದವಾಗಿ ಕೂರುತ್ತದೆ, ಹೊರಗೆ ಹೆಚ್ಚು ಉದ್ದ ಉಳಿಯುತ್ತದೆ. ಅನಂತರ ನೀರು. ಕುದಿಯುವ ನೀರೇ ಆಗಬೇಕೆಂದು ಹಳಬರ ಪಕ್ಷ. ಕಾದ ಲೋಹ ತಾನಾಗಿ ಬೇಗ ಒಣಗುವುದೆಂದು ಅವರ ವಾದ. ಉಗುರುಬೆಚ್ಚಗಿದ್ದರೆ ಸಾಕು, ಅತಿಯಾಗಿ ಕಾದ ಬರಿಯ ಕಬ್ಬಿಣಕ್ಕೆ ಕ್ಷಣಮಾತ್ರದಲ್ಲಿ ಕೆಂಪು ತುಕ್ಕಿನ ಛಾಯೆ ಏರುವುದೆಂದು ಮತ್ತೊಂದು ಪಕ್ಷ. ಎರಡನೆಯದೇ ನನಗೆ ಹೆಚ್ಚು ಒಪ್ಪಿಗೆ. ಈ ಲವಣಗಳು ತಣ್ಣೀರಿನಲ್ಲಿಯೂ ಕರಗುವಂಥವು. ಗಜದ ತುದಿಗೆ ನಾರನ್ನೋ ಬಟ್ಟೆಯನ್ನೋ ಸುತ್ತಿ ಮೇಲಕ್ಕೂ ಕೆಳಕ್ಕೂ ಎಳೆದರೆ ಕರಿಯ ನೀರು ಹೊರಬರುತ್ತದೆ, ಅದರೊಡನೆ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಅದು ಸಲ್ಫೈಡು ನೀರಿನೊಡನೆ ಕೂಡಿದ ಗುರುತು. ನೀರು ತಿಳಿಯಾಗಿ, ವಾಸನೆ ಅಡಗುವವರೆಗೆ ಬಿಡಕೂಡದು.

ಇಲ್ಲಿ ಬಹು ಜನ ಎಡವುತ್ತಾರೆ. ನೀರು ಕಬ್ಬಿಣಕ್ಕೆ ಶತ್ರುವೆಂದು ತಿಳಿದು, ತೊಳೆಯದೆಯೇ ಎಣ್ಣೆ ಬಿಟ್ಟು ಒರೆಸಿ ಇಡುತ್ತಾರೆ. ಎಣ್ಣೆಯಲ್ಲಿ ಈ ಲವಣಗಳು ಕರಗವು, ಸೀಮೆಯೆಣ್ಣೆಯಲ್ಲಿಯೂ ಕರಗವು. ಎಣ್ಣೆಯ ಪದರದಡಿಯಲ್ಲಿ ಅವು ನೆಮ್ಮದಿಯಾಗಿ ಕುಳಿತು ಕಬ್ಬಿಣವನ್ನು ತಿನ್ನುತ್ತಿರುತ್ತವೆ. ಹೊರಗೆ ಕನ್ನಡಿಯಂತೆ ಹೊಳೆಯುವ ಕೋವಿಯ ಬುಡ ಒಳಗೆ ಗುಳಿಬಿದ್ದಿರುವುದುಂಟು. ಮದ್ದು ಸಿಡಿಯುವ ಎಡೆಯೇ ಅದಾದುದರಿಂದ ಅದು ದುರ್ಬಲವಾದರೆ ಅಪಾಯ ಹೊಡೆಯುವವನ ಮುಖಕ್ಕೇ.

ತೊಳೆದ ಮೇಲೆ ಒಣಬಟ್ಟೆ ಒಣಗಿಯೇ ಹೊರಬರುವವರೆಗೆ ಒರೆಸಬೇಕು. ಕೇಪನ್ನು ಕೂರಿಸುವ ತೂತುಮೊಳೆಯನ್ನು ಸೂಜಿಯಿಂದ ಚುಚ್ಚಿ ತೆರವು ಮಾಡಿ, ಕುದುರೆಯ ಸುತ್ತ ಮೆತ್ತಿದ ಮಸಿಯನ್ನೂ ತೆಗೆಯಬೇಕು. ಎಣ್ಣೆಯ ಸರದಿ ಆಮೇಲೆ, ಅದೂ ತೆಳ್ಳಗೆ. ಇಂಗ್ಲೀಷರು ಬರ್ಮದ ನೆಲದಿಂದ ತೆಗೆದ ರಂಗೂನ್ ಎಣ್ಣೆಯನ್ನು ಇದಕ್ಕೆ ಮೆಚ್ಚಿದ್ದರು. ಅಗಸೆಯೆಣ್ಣೆ ಮರದ ಹಿಡಿಗೆ ಒಳ್ಳೆಯದು, ಯಂತ್ರಕ್ಕಲ್ಲ. ಅದು ಒಣಗಿ ಅಂಟಾಗುತ್ತದೆ. ಕೊಬ್ಬರಿಯೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಮರುದಿನ ಮತ್ತೊಮ್ಮೆ ಬಿಳಿಯ ಬಟ್ಟೆಯನ್ನು ಹಾಯಿಸಿ ನೋಡಬೇಕು. ಕಂದು ಬಣ್ಣ ಕಂಡರೆ ಮೊದಲಿನಿಂದ ಕೆಲಸ ಪ್ರಾರಂಭ. ಮುಂದೆ ಮದ್ದು ತುಂಬುವ ಮೊದಲು ಆ ಎಣ್ಣೆಯನ್ನು ಒರೆಸಿ ತೆಗೆಯುವುದನ್ನೂ ಮರೆಯಕೂಡದು. ಎಣ್ಣೆ ಕುಡಿದ ಮದ್ದು ಹೊತ್ತದು.

ಬಾಯಿಂದ ತುಂಬುವ ಕೋವಿಯ ಕಾಲ ಸೈನ್ಯಗಳಲ್ಲಿ ಬೇಗನೆ ಮುಗಿಯಿತು. 1866ರಲ್ಲಿ ಎನ್‌ಫೀಲ್ಡುಗಳನ್ನೇ ಕತ್ತರಿಸಿ ಸ್ನೈಡರ್ ಎಂಬ ಹಿಂದಿನಿಂದ ತುಂಬುವ ಕೋವಿಗಳನ್ನಾಗಿ ಮಾರ್ಪಡಿಸತೊಡಗಿದರು. 1884ರಲ್ಲಿ ಫ್ರಾನ್ಸಿನ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಕರಿಮದ್ದೂ ಹಿಂದೆ ಸರಿಯಿತು. ಆದರೆ ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿ ಬಹುಕಾಲ ಮನೆಯ ಗೋಡೆಯ ಮೇಲೆ ಉಳಿಯಿತು. ಕೊಡಗಿನ ವಿಷಯವಂತೂ ಬೇರೆಯೇ. ದಂಗೆಯ ತರುವಾಯ ದೇಶವನ್ನೆಲ್ಲ ನಿರಾಯುಧಗೊಳಿಸುತ್ತಿದ್ದ ಸರ್ಕಾರವು 1861ರಲ್ಲಿ ಮಾರ್ಕ್ ಕಬ್ಬನ್ನನ ಮೂಲಕ ಕೊಡಗರನ್ನು ಆ ನಿಯಮದಿಂದ ಹೊರಗಿಟ್ಟಿತು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬರುವ ಕೈಲ್ ಮುಹೂರ್ತ ಆಯುಧಗಳ ಹಬ್ಬ. ನಾಟಿಯ ಕೆಲಸ ಮುಗಿದು, ಜೋರು ಮಳೆ ಹಿಂದೆ ಬೀಳುವ ಸಮಯ ಅದು. ತೇವದ ತಿಂಗಳುಗಳನ್ನು ಕಳೆದ ಕಬ್ಬಿಣವನ್ನು ಹೊರತೆಗೆದು ನೋಡುವುದಕ್ಕೆ ಅದಕ್ಕಿಂತ ತಕ್ಕ ಕಾಲವಿಲ್ಲ. ಕೋವಿಗಳನ್ನೂ ಒಡಿಕತ್ತಿಗಳನ್ನೂ ಶುಚಿಮಾಡಿ, ಗಂಧವಿಟ್ಟು, ಹಳದಿ ಕೆಂಪು ಎಸಳುಗಳ ತೋಕ್ ಪೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿ ಪೂಜಿಸುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು.