ಗುಂಡೇಟು, ಪಿಂಚಣಿ ಮತ್ತು ನೋಟದ ನಕ್ಷೆ

ಮಿದುಳಿನಿಂದ ನೇರವಾಗಿ 12 ಜೋಡಿ ನರಗಳು ಹೊರಡುತ್ತವೆ. ವಾಸನೆ ಹಿಡಿಯುವುದು, ನೋಡುವುದು, ನಗುವುದು, ನುಂಗುವುದು ಎಲ್ಲವೂ ಇವುಗಳ ಕೆಲಸ. ಏಳನೆಯ ನರಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗುತ್ತದೆ, ರೆಪ್ಪೆ ಮುಚ್ಚುವುದಿಲ್ಲ. ಎದುರಿಗೆ ಬಂದವರಿಗೆ ತಕ್ಷಣ ಗೊತ್ತಾಗುತ್ತದೆ. ಎರಡನೆಯ ನರದ, ಅಂದರೆ ದೃಷ್ಟಿನರದ ದಾರಿಯಲ್ಲಿ ಆಗುವ ಗಾಯ ಹಾಗಲ್ಲ. ಕಣ್ಣು ಹೊರಗೆ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಕಾಣುವುದಿಲ್ಲ. ಈ ಕಾಣದ ಊನವನ್ನು ಅಳೆಯಲು ಹೊರಟವರು ಜಪಾನಿನ ಯುವ ನೇತ್ರವೈದ್ಯ ತತ್ಸುಜಿ ಇನೋವೆ.

1904-05ರಲ್ಲಿ ಜಪಾನಿಗೂ ರಷ್ಯಾಕ್ಕೂ ಯುದ್ಧ ನಡೆಯಿತು. ರಷ್ಯನ್ ಸೈನಿಕರ ಕೈಯಲ್ಲಿದ್ದದ್ದು 1891ರ ಮಾದರಿಯ ಮೋಸಿನ್-ನಗಾಂ ರೈಫಲ್. ಹಿಂದಿನ ಕಾಲದ ದಪ್ಪ ಸೀಸದ ಗುಂಡು ತಲೆಗೆ ಬಿದ್ದರೆ ಬುರುಡೆಯೇ ಚೂರಾಗುತ್ತಿತ್ತು. ಈ ರೈಫಲಿನ ಗುಂಡಿನ ಅಗಲ 7.62 ಮಿಲಿಮೀಟರ್ ಮಾತ್ರ, ವೇಗ ಬಹಳ. ಅದು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತಿತ್ತು, ಎಷ್ಟೋ ಜನ ಬದುಕಿ ಊರಿಗೆ ಮರಳುತ್ತಿದ್ದರು. ಮಾರಣಾಯುಧ ಸುಧಾರಿಸಿದ್ದರಿಂದಲೇ ಗಾಯಾಳುಗಳು ಉಳಿದರು ಎನ್ನುವುದು ವಿಚಿತ್ರ, ಆದರೆ ನಿಜ.

ಹೀಗೆ ಮರಳಿದವರಿಗೆ ಸರ್ಕಾರ ಪಿಂಚಣಿ ಕೊಡಬೇಕಿತ್ತು. ಯಾರಿಗೆ ಎಷ್ಟು? ದೃಷ್ಟಿ ಎಷ್ಟು ಹೋಗಿದೆ ಎಂದು ಅಳೆದು ಹೇಳುವ ಹೊಣೆ ಇನೋವೆಯವರ ಮೇಲೆ ಬಿತ್ತು. ಒಂದು ಕಣ್ಣಿನ ನರವೇ ತುಂಡಾಗಿದ್ದರೆ ಲೆಕ್ಕ ಸುಲಭ: ಆ ಕಣ್ಣು ಪೂರ್ತಿ ಕತ್ತಲು. ಆದರೆ ಎರಡೂ ಕಣ್ಣಿನ ನರಗಳು ಮಿದುಳಿನ ತಳದಲ್ಲಿ ಕೂಡಿ, ಅರ್ಧರ್ಧ ಎಳೆಗಳನ್ನು ಅದಲುಬದಲು ಮಾಡಿಕೊಂಡು ತಲೆಯ ಹಿಂಭಾಗಕ್ಕೆ ಹೋಗುತ್ತವೆ. ಅಲ್ಲಿ ಎಡಗಡೆ ಗುಂಡು ಹೊಕ್ಕರೆ ಎರಡು ಕಣ್ಣುಗಳಲ್ಲೂ ಬಲಗಡೆಯ ನೋಟ ಹೋಗುತ್ತದೆ. ಬಲಗಡೆಯಿಂದ ಬರುವ ಗಾಡಿ ಕಾಣದು, ಬಾಗಿಲಿನ ಬಲ ಅಂಚಿಗೆ ಭುಜ ತಾಗುತ್ತದೆ. ಕನ್ನಡ ಓದುವ ನಮಗಾದರೆ ಸಾಲಿನ ಮುಂದಿನ ಅಕ್ಷರವೇ ಮಾಯ. ಜಪಾನಿನವರು ಆಗ ಮೇಲಿನಿಂದ ಕೆಳಕ್ಕೆ ಓದುತ್ತಿದ್ದರು. ಅವರ ಓದಿಗೆ ಹೆಚ್ಚು ಅಡ್ಡಿಯಾಗುವುದು ಕೆಳಗಿನ ಅರ್ಧ ಹೋದಾಗ.

ಇನೋವೆ ಪಿಂಚಣಿ ಕಾಗದಕ್ಕೆ ಬೇಕಾದಷ್ಟನ್ನು ಬರೆದು ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಗುಂಡು ಹೊಕ್ಕ ಮತ್ತು ಹೊರಬಿದ್ದ ಜಾಗಗಳನ್ನು ತಲೆಯ ಮೇಲೆ ಕರಾರುವಾಕ್ಕಾಗಿ ಗುರುತಿಸಲು ತಾವೇ ಒಂದು ಉಪಕರಣ ರೂಪಿಸಿದರು. ಎರಡು ಬಿಂದುಗಳನ್ನು ಸೇರಿಸಿದರೆ ಗುಂಡು ಹೋದ ಹಾದಿ ಸಿಗುತ್ತದೆ. ಆ ಹಾದಿಯನ್ನು ಸೈನಿಕನಿಗೆ ಕಾಣದ ಭಾಗದೊಂದಿಗೆ ಹೋಲಿಸಿದರು. ಎಕ್ಸ್‌-ರೇ ಇನ್ನೂ ಹೊಸದಾಗಿದ್ದ, ಸ್ಕ್ಯಾನ್ ಎಂಬ ಮಾತೇ ಇಲ್ಲದ ಕಾಲ ಅದು.

29 ಸೈನಿಕರ ವಿವರಗಳಿಂದ ಒಂದು ನಕ್ಷೆ ಮೂಡಿತು. ನಾವು ದಿಟ್ಟಿಸಿ ನೋಡುವ ನಟ್ಟನಡುವಿನ ಪುಟ್ಟ ಭಾಗಕ್ಕೆ ಮಿದುಳಿನ ತೀರ ಹಿಂತುದಿಯಲ್ಲಿ ದೊಡ್ಡ ಜಾಗ. ಅಂಚಿನ ನೋಟಕ್ಕೆ ಅದರ ಮುಂದೆ ಚಿಕ್ಕ ಜಾಗ. ಸ್ವೀಡನ್ನಿನ ಹೆಸರಾಂತ ವೈದ್ಯ ಹೆನ್ಶೆನ್ ಇದಕ್ಕೆ ಉಲ್ಟಾ ಹೇಳಿದ್ದರು. ದೊಡ್ಡವರ ಮಾತಿಗಿಂತ ಗುಂಡಿನ ಹಾದಿಯನ್ನು ಇನೋವೆ ನಂಬಿದರು.

1909ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅವರ ಪುಸ್ತಕ ಅಚ್ಚಾಯಿತು. ಅವರು ಅದನ್ನು ಬರೆದದ್ದು ಜರ್ಮನ್ ಭಾಷೆಯಲ್ಲಿ. ಐದು ವರ್ಷಕ್ಕೆ ಮೊದಲ ಮಹಾಯುದ್ಧ ಬಂತು. ಬ್ರಿಟನ್ನಿನ ಗಾರ್ಡನ್ ಹೋಮ್ಸ್ ಮತ್ತು ವಿಲಿಯಂ ಲಿಸ್ಟರ್ ತಮ್ಮ ಗಾಯಾಳು ಸೈನಿಕರನ್ನು ಪರೀಕ್ಷಿಸಿ 1916ರಲ್ಲಿ ಬಹುಮಟ್ಟಿಗೆ ಇದನ್ನೇ ಕಂಡರು. ಪಠ್ಯಪುಸ್ತಕಗಳಲ್ಲಿ ಹೋಮ್ಸ್ ಹೆಸರು ನಿಂತಿತು. ಅವರ ಕೆಲಸವೂ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಏಳು ವರ್ಷ ಮೊದಲೇ ಬರೆದವರ ಹೆಸರು ಬದಿಗೆ ಸರಿದದ್ದು ನ್ಯಾಯವೆನಿಸುವುದಿಲ್ಲ.

ಇನೋವೆ ಟೋಕಿಯೋದಲ್ಲಿ ತಮ್ಮ ಮನೆತನದ ಕಣ್ಣಾಸ್ಪತ್ರೆ ನಡೆಸಿಕೊಂಡಿದ್ದರು. 1881ರಲ್ಲಿ ಶುರುವಾದ ಆ ಆಸ್ಪತ್ರೆ ಇಂದಿಗೂ ಇದೆ. 1987ರಲ್ಲಿ ಗ್ಲಿಕ್‌ಸ್ಟೈನ್ ಮತ್ತು ವಿಟರಿಜ್ ಎಂಬ ವಿಜ್ಞಾನಿಗಳು ಲೇಖನವೊಂದರಲ್ಲಿ ಅವರ ಕೆಲಸವನ್ನು ಮತ್ತೆ ಬೆಳಕಿಗೆ ತಂದರು. ಪುಸ್ತಕದ ಇಂಗ್ಲಿಷ್ ಅನುವಾದ ಬಂದದ್ದು 2000ದಲ್ಲಿ, ಮೂಲ ಅಚ್ಚಾಗಿ 91 ವರ್ಷಗಳ ನಂತರ.