ಸಮವಸ್ತ್ರ ಕಳಚಿದ ಮೇಲೆ

ಹಾರೂಗೇರಿ, ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಗೆ ಸೈನ್ಯ ದೂರದ ಮಾತಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದಲೂ ಜಿಲ್ಲಾ ಕೇಂದ್ರವಾದ ಬೆಳಗಾವಿಯಲ್ಲಿದೆ. ಸಿಪಾಯಿಗೆ ಪಿಂಚಣಿ ದೊರೆಯಲು ಹದಿನೈದು ವರ್ಷಗಳ ಸೇವೆ ಸಾಕು. ಆದ್ದರಿಂದ ಅನೇಕರು ನಲವತ್ತು ತುಂಬುವ ಮೊದಲೇ ಊರಿಗೆ ಮರಳುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ ಅವರ ಎರಡನೆಯ ಬದುಕು ಶುರುವಾಗುತ್ತದೆ. ಹೊಲಕ್ಕೆ ಇಳಿಯಬೇಕೆ, ಅಂಗಡಿ ಹಾಕಬೇಕೆ ಎಂಬುದು ಆಗಿನ ಪ್ರಶ್ನೆ.

ಈ ಪ್ರಶ್ನೆಯನ್ನು ಪಿಂಚಣಿಯ ಆಸರೆಯೂ ಇಲ್ಲದೆ ಎದುರಿಸಿದವರು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ವಿಮಾನ ಸಂಸ್ಥೆ ಕಟ್ಟಿದವರೆಂದು ನಾಡು ಅವರನ್ನು ಬಲ್ಲದು. ಅದಕ್ಕೂ ಹಿಂದಿನ ಸಣ್ಣ ವ್ಯಾಪಾರಿಯ ಕಥೆ ಅಷ್ಟು ಪರಿಚಿತವಲ್ಲ.

1951ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಅವರು ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ತಂದೆ ಶಾಲಾ ಶಿಕ್ಷಕರು. ವಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ಸೈನ್ಯದ ಅಧಿಕಾರಿಯಾದರು. 1971ರ ಬಾಂಗ್ಲಾ ಯುದ್ಧದಲ್ಲಿ ಭಾಗವಹಿಸಿದರು. ಎಂಟು ವರ್ಷಗಳ ಸೇವೆಯ ಬಳಿಕ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಸ್ವಇಚ್ಛೆಯಿಂದ ಸೈನ್ಯ ಬಿಟ್ಟರು. ಅಧಿಕಾರಿಗೆ ಪಿಂಚಣಿ ಸಿಗಲು ಇಪ್ಪತ್ತು ವರ್ಷ ಬೇಕು.

ಊರಿನ ಸ್ಥಿತಿಯೂ ಬದಲಾಗಿತ್ತು. ಹೇಮಾವತಿ ಜಲಾಶಯದಲ್ಲಿ ಮನೆತನದ ಜಮೀನು ಮುಳುಗಿತು. ಬದಲಿಗೆ ಸರ್ಕಾರ ಕೊಟ್ಟದ್ದು ಜಾವಗಲ್ ಬಳಿಯ ಬರಡು ನೆಲ. ಅವರು ಅಲ್ಲಿ ಡೇರೆ ಹಾಕಿಕೊಂಡು ಸಾಗುವಳಿಗೆ ಇಳಿದರು. ತೆಂಗು ನೆಟ್ಟರು, ರೇಷ್ಮೆ ಸಾಕಿದರು. ಪರಿಸರಕ್ಕೆ ಹೊಂದುವ ಈ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯ ಮನ್ನಣೆ ದೊರೆಯಿತು.

ಬರೀ ಬೇಸಾಯವನ್ನೇ ಅವರು ನೆಚ್ಚಿ ಕೂರಲಿಲ್ಲ. ಹಾಸನದಲ್ಲಿ ಉಡುಪಿ ಹೋಟೆಲ್ ನಡೆಸಿದರು. ಎನ್‌ಫೀಲ್ಡ್ ಮೋಟಾರ್ ಸೈಕಲ್‌ಗಳ ಡೀಲರ್ ಆದರು. ನೀರಾವರಿ ಸಲಕರಣೆಗಳನ್ನೂ ಮಾರಿದರು. ನಿನ್ನೆ ತುಕಡಿಗೆ ಆಜ್ಞೆ ಕೊಡುತ್ತಿದ್ದವರು ಇಂದು ಗಿರಾಕಿಯ ದಾರಿ ಕಾಯಬೇಕಾಗುವುದು ಸುಲಭದ ಬದಲಾವಣೆಯಲ್ಲ. ಅಧಿಕಾರಿಯಾಗಿದ್ದವರು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಹಿಂಜರಿಯಲಿಲ್ಲವೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

1990ರ ದಶಕದಲ್ಲಿ ಸೈನ್ಯದ ಗೆಳೆತನ ಕೈಹಿಡಿಯಿತು. ಮಾಜಿ ಸೇನಾಧಿಕಾರಿ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಅವರೊಡನೆ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಬಾಡಿಗೆ ಸಂಸ್ಥೆ ಕಟ್ಟಿದರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಾಟ ಆರಂಭಿಸಿತು. ಅದರ ಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು. ಅಗ್ಗದ ಟಿಕೆಟ್ ಮತ್ತು ಸಣ್ಣ ಊರುಗಳಿಗೂ ವಿಮಾನ, ಇವೇ ಅದರ ಸೂತ್ರ. ಕೆಲವೇ ವರ್ಷಗಳಲ್ಲಿ ಸಂಸ್ಥೆ ಅರವತ್ತಕ್ಕೂ ಹೆಚ್ಚು ಊರುಗಳನ್ನು ಮುಟ್ಟಿತು.

ಆದರೆ ನಷ್ಟವೂ ಬೆಳೆಯಿತು. 2007ರಲ್ಲಿ ಕಿಂಗ್‌ಫಿಷರ್ ಬಳಗ ಪಾಲು ಕೊಂಡಿತು. ಮರುವರ್ಷ ಎರಡೂ ಸಂಸ್ಥೆಗಳು ಒಂದಾದವು, ಡೆಕ್ಕನ್ ಹೆಸರು ಅಳಿಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಗೋಪಿನಾಥ್ 2009ರಲ್ಲಿ ಆರಂಭಿಸಿದ ಸರಕು ಸಾಗಣೆ ಸಂಸ್ಥೆಯೂ ಬಹುಕಾಲ ಉಳಿಯಲಿಲ್ಲ. ಕಟ್ಟುವ ಧೈರ್ಯ ಬೇರೆ, ಉಳಿಸಿಕೊಳ್ಳುವ ಲೆಕ್ಕ ಬೇರೆ. ಮೊದಲನೆಯದನ್ನು ಸೈನ್ಯ ಕಲಿಸಬಹುದು, ಎರಡನೆಯದನ್ನು ಸಂತೆಯೇ ಕಲಿಸಬೇಕು.

ಈ ಬದುಕನ್ನು ಈಗ ನೆನೆಯಲು ಕಾರಣವಿದೆ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಅಗ್ನಿವೀರರ ಸೇವೆ ನಾಲ್ಕು ವರ್ಷ. ಅವರಲ್ಲಿ ಶೇ 25ರವರೆಗೆ ಮಾತ್ರ ಸೈನ್ಯದಲ್ಲಿ ಮುಂದುವರಿಕೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿ ಉಂಟು, ಪಿಂಚಣಿ ಇಲ್ಲ. ಗೋಪಿನಾಥ್ ಸೈನ್ಯ ಬಿಟ್ಟ ವಯಸ್ಸಿಗಿಂತಲೂ ಚಿಕ್ಕವರಾಗಿ ಅವರು ಮನೆಗೆ ಬರುತ್ತಾರೆ.

ಎಲ್ಲರೂ ವಿಮಾನ ಹಾರಿಸಲಾರರು, ಹಾರಿಸಬೇಕಾಗಿಯೂ ಇಲ್ಲ. ಸಾಲದ ಸೌಲಭ್ಯ, ಲೆಕ್ಕಪತ್ರದ ತಿಳಿವಳಿಕೆ, ಒಮ್ಮೆ ಸೋತರೆ ಮತ್ತೆ ನಿಲ್ಲಲು ಅವಕಾಶ, ಇಷ್ಟು ದೊರೆತರೆ ಊರಿನ ಒಂದು ಹೋಟೆಲೋ ಗಿರಣಿಯೋ ಗಟ್ಟಿಯಾಗಿ ನಿಲ್ಲಬಲ್ಲದು. ಗಡಿಯಿಂದ ಮರಳಿದವನಿಗೆ ಹಾರ ಹಾಕಿ ಮೆರವಣಿಗೆ ಮಾಡುವುದು ಒಂದು ದಿನದ ಕೆಲಸ. ಅವನ ಅಂಗಡಿಯ ಬಾಗಿಲು ವರ್ಷಪೂರ್ತಿ ತೆರೆದಿರಬೇಕು.